ದಾರಿ ಕಟ್ಟಲು ಕಲಿಸಿದರು, ಜನರನ್ನು ನಡೆಸಲು ಕಲಿಸಲಿಲ್ಲ: ನಗರ ನಡಿಗೆಯ ತರಬೇತಿಯೊಂದರ ವಿಮರ್ಶೆ

ನಗರ ನಡಿಗೆಗಳನ್ನು ರೂಪಿಸುವುದನ್ನೂ ಮುನ್ನಡೆಸುವುದನ್ನೂ ಕಲಿಸುತ್ತೇವೆ ಎಂದು ಹೇಳಿಕೊಂಡಿದ್ದ ತರಬೇತಿಯೊಂದನ್ನು ನಾನು ಈಚೆಗೆ ಮುಗಿಸಿದೆ. ಎಂಟು ಭಾನುವಾರ, ದಿನಕ್ಕೆ ನಾಲ್ಕು ಗಂಟೆ, ಹದಿನಾರು ಮಂದಿ ಶಿಬಿರಾರ್ಥಿಗಳು. ಅದು ಮುಗಿದ ಒಂದು ತಿಂಗಳೊಳಗೆ ಪ್ರತಿಯೊಬ್ಬರೂ ತಾವೇ ಕಟ್ಟಿದ ಎರಡು ಗಂಟೆಯ ನಡಿಗೆಗೆ ಹನ್ನೆರಡು ಜನರನ್ನು ಕರೆದೊಯ್ಯಬೇಕು. ಪರೀಕ್ಷಕರೊಬ್ಬರು ಜೊತೆಗೆ ನಡೆದು ಅಂಕ ಕೊಡುತ್ತಾರೆ. ನಡೆಸಿದ ಸಂಸ್ಥೆಯ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳುವ ಗುಣದೋಷಗಳು ಇಂಥ ತರಬೇತಿಗೆ ಸೇರಬೇಕೆಂದಿರುವ ಯಾರಿಗಾದರೂ ಯಾವ ಊರಿನಲ್ಲಾದರೂ ಎದುರಾಗಬಹುದಾದವು.

ಮೂವತ್ತೆರಡು ಗಂಟೆಗಳಲ್ಲಿ ವೃತ್ತಿಪರ ಗೈಡ್ ತಯಾರಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಯುರೋಪಿನಲ್ಲಿ 2008ರಲ್ಲಿ ಹೊರಬಂದ ಇಎನ್ 15565 ಎಂಬ ಮಾನದಂಡವು ಪ್ರವಾಸಿ ಗೈಡ್‌ಗಳ ತರಬೇತಿಗೆ ಕನಿಷ್ಠ 600 ಗಂಟೆಗಳನ್ನು ನಿಗದಿಮಾಡಿದೆ, ಮತ್ತು ಅದರಲ್ಲಿ ಶೇಕಡಾ 40ರಷ್ಟು ಪ್ರಾಯೋಗಿಕವಾಗಿರಬೇಕೆಂದು ಕೇಳುತ್ತದೆ. ಆ ಅಳತೆಗೋಲನ್ನು ಎಂಟು ಭಾನುವಾರಗಳ ಮೇಲಿಟ್ಟು ನೋಡುವುದು ಸರಿಯಲ್ಲ. ಆದರೆ ಅದರ ಎರಡನೆಯ ಅಂಕಿ, ಅಂದರೆ ಬೀದಿಯಲ್ಲಿ ನಿಂತು ಮಾಡಿ ಕಲಿಯಬೇಕಾದದ್ದರ ಪಾಲು, ಸಣ್ಣ ತರಬೇತಿಗೂ ಅನ್ವಯಿಸುತ್ತದೆ. ನನ್ನ ತಕರಾರು ಮುಂದೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ಚೆನ್ನಾಗಿದ್ದುದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜಕ್ಕೂ ಚೆನ್ನಾಗಿತ್ತು. ಮೊದಲ ಭಾನುವಾರ ನಮ್ಮ ಶಿಕ್ಷಕಿ ಪುಸ್ತಕ, ಪರದೆ ಯಾವುದನ್ನೂ ತೆರೆಯದೆ ನಮ್ಮನ್ನು ಹಳೆಯ ಬಡಾವಣೆಯೊಂದರ ಬೀದಿಗೆ ಕರೆದೊಯ್ದು, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತಿಲ್ಲದೆ ನಡೆಯಲು ಹೇಳಿದರು. ತುದಿ ತಲುಪಿದ ಮೇಲೆ ಕಂಡದ್ದನ್ನು ಬರೆಯಬೇಕಿತ್ತು. ಬಹುತೇಕ ಎಲ್ಲರೂ ಬಾಗಿಲು, ಕಂಬ, ಬಾಲ್ಕನಿ ಎಂದು ಬರೆದಿದ್ದೆವು. ಆ ಬೀದಿ ಎರಡು ಕಡೆ ಹಾವಿನಂತೆ ಬಳುಕುತ್ತದೆ, ಸುತ್ತಲಿನ ಬೀದಿಗಳೆಲ್ಲ ಗೆರೆ ಎಳೆದಂತೆ ನೇರವಾಗಿವೆ ಎಂಬುದನ್ನು ಒಬ್ಬರೂ ಬರೆದಿರಲಿಲ್ಲ. ಬಳುಕಿಗೆ ಕಾರಣ ಅದರ ಅಡಿಯಲ್ಲಿ ಹರಿಯುತ್ತಿರುವ, ಬಹಳ ಹಿಂದೆಯೇ ಮುಚ್ಚಿಹೋದ ಹಳ್ಳ. ಹಳ್ಳ ಮಣ್ಣಿನಡಿ ಸೇರಿದರೂ ಅದರ ದಂಡೆಯುದ್ದಕ್ಕೂ ಕಟ್ಟಿದ ಮನೆಗಳು ಜಾಗ ಬದಲಿಸಲಿಲ್ಲ. ಹಾಗಾಗಿ ಬೀದಿಯೇ ಹಳ್ಳದ ನಕ್ಷೆಯಾಗಿ ಉಳಿದುಕೊಂಡಿತು.

ಇದು ಒಂದು ಊರಿನ ವಿಚಿತ್ರವಲ್ಲ. ಲಂಡನ್ನಿನ ಫ್ಲೀಟ್ ನದಿ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಹಂತಹಂತವಾಗಿ ನೆಲದಡಿ ಸೇರಿತು. ಪತ್ರಿಕೆಗಳ ಬೀದಿಯೆಂದು ಹೆಸರಾದ ಫ್ಲೀಟ್ ಸ್ಟ್ರೀಟ್ ಆ ನದಿಯ ಹೆಸರನ್ನು ಹೊತ್ತುಕೊಂಡು ಉಳಿದಿದೆ. ಕ್ಲರ್ಕನ್‌ವೆಲ್ ಪ್ರದೇಶದ ರೇ ಸ್ಟ್ರೀಟಿನಲ್ಲಿ ಕಬ್ಬಿಣದ ಜಾಲರಿಯೊಂದರ ಮೇಲೆ ಬಗ್ಗಿ ಕಿವಿಗೊಟ್ಟರೆ ನೀರು ಹರಿಯುವ ಸದ್ದು ಈಗಲೂ ಕೇಳುತ್ತದೆ. ಸಿಯೋಲ್ ನಗರದ ಚಾಂಗ್‌ಗ್ಯೆಚಾನ್ ತೊರೆಯನ್ನು ಮುಚ್ಚಿ ಅದರ ಮೇಲೆ ಎತ್ತರದ ಹೆದ್ದಾರಿಯನ್ನೇ ಕಟ್ಟಿದ್ದರು. ಅದನ್ನು ಕೆಡವಿ 2005ರಲ್ಲಿ ತೊರೆಯನ್ನು ಮತ್ತೆ ಬಯಲಿಗೆ ತಂದರು. ಶಿಕ್ಷಕಿ ಈ ಉದಾಹರಣೆಗಳನ್ನು ಹೇಳಿದ್ದು ನಮ್ಮ ತಲೆ ತುಂಬಿಸಲಿಕ್ಕಲ್ಲ. "ಹಳೆಯ ಬೀದಿ" ಎಂಬುದು ವಿಷಯವಷ್ಟೇ, "ಈ ಬೀದಿಗೆ ನೀರಿನ ನೆನಪಿದೆ" ಎಂಬುದು ಹೇಳಬೇಕಾದ ಮಾತು ಎಂಬ ವ್ಯತ್ಯಾಸವನ್ನು ತೋರಿಸಲಿಕ್ಕೆ. ವಿಷಯವೊಂದೇ ಇದ್ದರೆ ನಡಿಗೆಗೆ ಕೊನೆಯೂ ಇರುವುದಿಲ್ಲ, ಯಾವುದನ್ನು ಬಿಡಬೇಕೆಂದೂ ತಿಳಿಯುವುದಿಲ್ಲ. ಹೇಳಬೇಕಾದ ಮಾತಿದ್ದರೆ ಪ್ರತಿ ನಿಲುಗಡೆಯೂ ಅದಕ್ಕೆ ಒಂದಿಷ್ಟು ಸೇರಿಸುತ್ತದೆಯೋ ಇಲ್ಲವೋ ಎಂದು ಕೇಳಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ದುಡಿದ ಫ್ರೀಮನ್ ಟಿಲ್ಡನ್ 1957ರಷ್ಟು ಹಿಂದೆಯೇ ಮಾಹಿತಿ ಬೇರೆ, ಅರ್ಥ ಬಿಡಿಸಿ ತೋರಿಸುವುದು ಬೇರೆ ಎಂದು ವಾದಿಸಿದ್ದರು. ಕೇಳುಗರಿಗೆ ಪಾಠ ಒಪ್ಪಿಸುವುದಕ್ಕಿಂತ ಅವರ ಕುತೂಹಲ ಕೆರಳಿಸುವುದೇ ಮುಖ್ಯವೆಂಬುದು ಅವರ ನಿಲುವು. ಈ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುವ ಬದಲು, ಬಳುಕಿದ ಬೀದಿಯ ತುದಿಯಲ್ಲಿ ನಮ್ಮನ್ನು ಪೆಚ್ಚಾಗಿಸಿ ಕಲಿಸಿದ್ದಕ್ಕೆ ಶಿಕ್ಷಕಿಗೆ ಪೂರ್ಣ ಅಂಕ.

ಎರಡನೆಯ ಮತ್ತು ಮೂರನೆಯ ಭಾನುವಾರಗಳು ಕೈಬಿಡುವ ಅಭ್ಯಾಸಕ್ಕೆ ಮೀಸಲಾಗಿದ್ದವು. ಹಳ್ಳದ ಜಾಡು ಹಿಡಿದೇ ನನ್ನ ನಡಿಗೆಯನ್ನು ಕಟ್ಟಲು ಹೊರಟ ನಾನು ಇಪ್ಪತ್ತಮೂರು ನಿಲುಗಡೆಗಳ ಪಟ್ಟಿಯೊಂದಿಗೆ ಹೋಗಿದ್ದೆ. ಪ್ರತಿಯೊಂದರ ಮುಂದೆಯೂ ಶಿಕ್ಷಕಿ ಒಂದೇ ಪ್ರಶ್ನೆ ಹಾಕಿದರು: ಈ ಕಥೆಯನ್ನು ಒಂದು ಕೋಣೆಯಲ್ಲಿ, ಕಣ್ಣು ಮುಚ್ಚಿ ಕುಳಿತವರಿಗೆ ಹೇಳಿದರೆ ಏನಾದರೂ ನಷ್ಟವಾಗುತ್ತದೆಯೇ? ನಷ್ಟವಾಗದಿದ್ದರೆ ಅದಕ್ಕಾಗಿ ಜನರನ್ನು ಬಿಸಿಲಲ್ಲಿ ನಡೆಸಬೇಕಾಗಿಲ್ಲ. ಹಳ್ಳದ ನೀರನ್ನು ಬಳಸುತ್ತಿದ್ದ ಬಣ್ಣ ಹಾಕುವ ಕಾರ್ಖಾನೆಯೊಂದರ ಕಥೆ ನನಗೆ ಬಹಳ ಇಷ್ಟವಾಗಿತ್ತು, ಅದಕ್ಕಾಗಿ ಹಳೆಯ ದಾಖಲೆಗಳ ನಡುವೆ ಎರಡು ಮಧ್ಯಾಹ್ನ ಕಳೆದಿದ್ದೆ. ಆದರೆ ಆ ಜಾಗದಲ್ಲಿ ಈಗ ಗಾಜಿನ ಹೊದಿಕೆಯ ಕಚೇರಿಯಿದೆ. ತೋರಿಸಲು ಒಂದು ಇಟ್ಟಿಗೆಯೂ ಉಳಿದಿಲ್ಲ. ಬಿಡಲು ಮನಸ್ಸಾಗದೆ ಒಂದು ವಾರ ಹಟ ಹಿಡಿದೆ. ಕೊನೆಗೆ ಅದೂ ಹೋಯಿತು. ಬದಲಿಗೆ, ನಾನು ಪಟ್ಟಿಗೇ ಹಾಕಿರದಿದ್ದ ಒಂದು ಮನೆಯ ಮೆಟ್ಟಿಲುಗಳು ಒಳಗೆ ಬಂದವು: ಐದು ಕಲ್ಲು ಮೆಟ್ಟಿಲು, ಕೆಳಗಿನ ಎರಡು ನಡುವಿನಲ್ಲಿ ಸವೆದು ಬಟ್ಟಲಿನಂತಾಗಿವೆ, ಮತ್ತು ಅವು ಇಳಿಯುವುದು ಯಾವ ಬಾಗಿಲಿಗೂ ಅಲ್ಲ, ರಸ್ತೆಯ ಡಾಂಬರಿಗೆ. ನೀರಿಗೆ ಇಳಿಯುತ್ತಿದ್ದ ಮೆಟ್ಟಿಲುಗಳವು. ಇದನ್ನು ಕಣ್ಣು ಮುಚ್ಚಿದವರಿಗೆ ಹೇಳಿ ಪ್ರಯೋಜನವಿಲ್ಲ. ಕಣ್ಣು ತೆರೆದವರಿಗೆ ಹೆಚ್ಚು ಹೇಳಬೇಕಾಗಿಯೂ ಇಲ್ಲ. ಇಪ್ಪತ್ತಮೂರು ಎಂಟಾಯಿತು.

ಕಥೆಗಳ ಸತ್ಯಾಸತ್ಯತೆಯ ವಿಷಯದಲ್ಲೂ ಶಿಸ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳಲ್ಲಿ ಸಿಗದ ಸಂಗತಿಯನ್ನು "ಜನ ಹೀಗೆ ಹೇಳುತ್ತಾರೆ" ಎಂದು ಸೇರಿಸದೆ ಹೇಳಬಾರದು ಎಂಬುದು ನಿಯಮ. ಸುರಂಗ, ನಿಧಿ, ರಾತ್ರಿ ಕೇಳಿಸುವ ಗೆಜ್ಜೆ ಸದ್ದು, ಇವುಗಳಲ್ಲಿ ಒಂದಾದರೂ ಇಲ್ಲದ ಹಳೆಯ ಕಟ್ಟಡವನ್ನು ನಾನಿನ್ನೂ ನೋಡಿಲ್ಲವಾದ್ದರಿಂದ ಈ ನಿಯಮ ಗೈಡ್‌ಗಳಿಗೆ ಎಷ್ಟು ಕಷ್ಟವೆಂದು ಬಲ್ಲೆ.

ದಾರಿಯನ್ನು ಮುಂಚಿತವಾಗಿ ನಡೆದು ನೋಡುವ ಕುರಿತ ಪಾಠ ಇನ್ನೂ ಒಂದು ಹೆಜ್ಜೆ ಮುಂದಿತ್ತು. ನಡಿಗೆ ಯಾವ ವಾರ, ಯಾವ ಹೊತ್ತಿಗೆ ನಡೆಯಲಿದೆಯೋ ಅದೇ ವಾರ, ಅದೇ ಹೊತ್ತಿಗೆ ಹೋಗಿ ನೋಡಬೇಕು. ಬುಧವಾರ ಬೆಳಿಗ್ಗೆ ನಿರ್ಜನವಾಗಿದ್ದ ಮೂಲೆ ಶನಿವಾರ ಸಂಜೆ ಸಾಮಾನು ಇಳಿಸುವ ಲಾರಿಗಳಿಂದ ತುಂಬಿರಬಹುದು. ಪ್ರತಿ ನಿಲುಗಡೆಯಲ್ಲೂ ಬಿಸಿಲು ಯಾರ ಕಣ್ಣಿಗೆ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು, ಮತ್ತು ಅದು ಗೈಡಿನ ಕಣ್ಣಿಗೇ ಬೀಳುವಂತೆ ಜನರನ್ನು ನಿಲ್ಲಿಸಬೇಕು. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನನ್ನ ದಾರಿಯಲ್ಲಿ ಒಂದು ಕಡೆ ಅದು ಸಾಧ್ಯವಿರಲಿಲ್ಲವಾಗಿ ಬಳಸು ದಾರಿಯೊಂದನ್ನು ಹುಡುಕಿಕೊಳ್ಳಬೇಕಾಯಿತು. ಶೌಚಾಲಯ, ನೆರಳು, ಕುಡಿಯುವ ನೀರು, ಮಳೆ ಬಂದರೆ ಹನ್ನೆರಡು ಮಂದಿ ಹಿಡಿಸುವ ಸೂರು ಇವೆಲ್ಲ ನಕ್ಷೆಯ ಮೇಲೆ ಬರಬೇಕು.

ಸಮಯದ ಲೆಕ್ಕದಲ್ಲಿ ಎಲ್ಲರೂ ಎಡವಿದೆವು. ವಯಸ್ಕರೊಬ್ಬರು ಸಹಜವಾಗಿ ನಡೆಯುವ ವೇಗ ಗಂಟೆಗೆ ಸುಮಾರು ಐದು ಕಿಲೋಮೀಟರ್. ಆದ್ದರಿಂದ ಎರಡು ಗಂಟೆಯಲ್ಲಿ ಅರ್ಧ ಹೊತ್ತು ಮಾತಿಗೆ ಹೋದರೂ ಐದು ಕಿಲೋಮೀಟರ್ ನಡೆಸಬಹುದೆಂದು ಲೆಕ್ಕ ಹಾಕಿದ್ದೆವು. ಗುಂಪು ಒಬ್ಬ ಮನುಷ್ಯನಂತೆ ನಡೆಯುವುದಿಲ್ಲ. ಅದು ಹಿಗ್ಗುತ್ತದೆ, ಫೋಟೊಗಾಗಿ ನಿಲ್ಲುತ್ತದೆ, ಚಪ್ಪಲಿಯ ಉಂಗುಷ್ಟ ಸರಿಪಡಿಸಿಕೊಳ್ಳುತ್ತದೆ. ಹನ್ನೆರಡು ಜನರೊಂದಿಗೆ ಎರಡು ಗಂಟೆಗೆ ಎರಡೂವರೆ ಕಿಲೋಮೀಟರ್ ಆದರೆ ಧಾರಾಳವಾಯಿತು. ಇದರ ಜೊತೆಗೆ ನನಗೆ ಹೊಸದಾಗಿ ತಿಳಿದ ಸಂಗತಿಯೆಂದರೆ, ಜನರನ್ನು ದಣಿಸುವುದು ನಡಿಗೆಗಿಂತ ಹೆಚ್ಚಾಗಿ ನಿಲ್ಲುವಿಕೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಸುಮ್ಮನೆ ನಿಂತಾಗ ಆ ಕೆಲಸ ನಿಲ್ಲುತ್ತದೆ, ರಕ್ತ ಕೆಳಗೆ ಶೇಖರವಾಗುತ್ತದೆ, ಕಾಲು ಭಾರವಾಗುತ್ತದೆ. ಆದ್ದರಿಂದ ಐದು ನಿಮಿಷ ಮೀರುವ ಕಥೆಯಿದ್ದರೆ ಅದನ್ನು ಕಟ್ಟೆಯೋ ಬೆಂಚೋ ಇರುವ ಕಡೆಗೆ ಒಯ್ಯಬೇಕು, ಇಲ್ಲವೇ ಅರ್ಧವನ್ನು ಇಲ್ಲಿ ಹೇಳಿ ಉಳಿದರ್ಧವನ್ನು ಮುಂದಿನ ತಿರುವಿನಲ್ಲಿ ಹೇಳಬೇಕು. ಎರಡನೆಯದರಲ್ಲಿ ಇನ್ನೊಂದು ಲಾಭವಿದೆ: ಮುಗಿಯದ ಕಥೆಯ ಹಿಂದೆ ಜನ ಬೇಗ ನಡೆಯುತ್ತಾರೆ.

ಧ್ವನಿಯ ಪಾಠ ಅಷ್ಟಕ್ಕಷ್ಟೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದಿನ ಮಟ್ಟ ಸುಮಾರು ಆರು ಡೆಸಿಬಲ್ ಇಳಿಯುತ್ತದೆ, ಆದ್ದರಿಂದ ಕೂಗುವುದಕ್ಕಿಂತ ಜನರನ್ನು ಹತ್ತಿರ ಕರೆದುಕೊಳ್ಳುವುದು ಮೇಲು ಎಂಬುದು ಉಪಯುಕ್ತ ಮಾತು. ಬೆನ್ನ ಹಿಂದೆ ಗಟ್ಟಿ ಗೋಡೆಯಿರುವಂತೆ ನಿಂತರೆ ದನಿ ಮುಂದಕ್ಕೆ ಪುಟಿಯುತ್ತದೆ ಎಂಬುದನ್ನು ಅಂಗಳದಲ್ಲಿ ಮಾಡಿಸಿಯೂ ತೋರಿಸಿದರು. ಅದಾದ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್ ಕೊಟ್ಟರು. ಮೈಕನ್ನು ಸ್ವಲ್ಪ ಓರೆ ಮಾಡಿದರೂ ಅದು ಕಿರುಚುತ್ತಿತ್ತು. ಪ್ರತಿಯೊಬ್ಬರ ಕಿವಿಗೂ ಇಯರ್‌ಫೋನ್ ಕೊಡುವ ವ್ಯವಸ್ಥೆಯೂ ಇತ್ತು. ಕಿವಿ ಮಂದವಿರುವವರಿಗೆ ಅದರಿಂದ ಉಪಕಾರವಾದೀತು. ಆದರೆ ದನಿ ಎಲ್ಲಿದ್ದರೂ ಕೇಳಿಸುವುದರಿಂದ ಜನ ನೂರಡಿ ದೂರ ಅಲೆದಾಡುತ್ತಾರೆ, ಗೈಡ್ ತೋರಿಸುವ ಬೆರಳು ಯಾರಿಗೂ ಕಾಣುವುದಿಲ್ಲ.

ಇನ್ನು ತಕರಾರು. ನಡಿಗೆಯನ್ನು ಮುನ್ನಡೆಸುವುದಕ್ಕೆ, ಅಂದರೆ ಗುಂಪನ್ನು ಸೇರಿಸುವುದು, ಸಾಗಿಸುವುದು, ರಸ್ತೆ ದಾಟಿಸುವುದು, ಮಾತಿನ ನಡುವೆ ಬಾಯಿ ಹಾಕುವವರನ್ನು ನಿಭಾಯಿಸುವುದು, ಬೇಸರಗೊಂಡ ಮುಖಗಳನ್ನು ಓದುವುದು ಇಷ್ಟಕ್ಕೂ ಸೇರಿ ಇದ್ದದ್ದು ಏಳನೆಯ ಭಾನುವಾರ ಒಂದೇ. ಅದೂ ಒಳಾಂಗಣದಲ್ಲಿ. ಕುರ್ಚಿಗಳನ್ನು ಕಟ್ಟಡಗಳೆಂದು ಭಾವಿಸಿ, ಎರಡು ಮೇಜುಗಳ ನಡುವಿನ ಜಾಗವನ್ನು ರಸ್ತೆಯೆಂದು ಭಾವಿಸಿ, ಹದಿನೈದು ಮಂದಿ ಸಭ್ಯರಾಗಿ ತಲೆಯಾಡಿಸುತ್ತ ನಿಂತಿರುವಾಗ ಹದಿನಾರನೆಯವರು ಹತ್ತು ನಿಮಿಷ ಮಾತಾಡಿದರೆ ಏನು ಕಲಿತಂತಾಯಿತು? ಕುರ್ಚಿ ಹಾರ್ನ್ ಮಾಡುವುದಿಲ್ಲ.

ಮಾದರಿ ನಡಿಗೆಯೆಂದು ಒಂದು ಬೆಳಿಗ್ಗೆ ಸಂಸ್ಥೆಯ ಅನುಭವಿ ಗೈಡ್ ಒಬ್ಬರೊಂದಿಗೆ ನಮ್ಮನ್ನು ಕಳಿಸಿದ್ದರು. ಅವರ ಓದು ಅಗಾಧ, ಅದರಲ್ಲಿ ಸಂಶಯವಿಲ್ಲ. ಆದರೆ ಮೊದಲ ನಿಲುಗಡೆಯಲ್ಲೇ ಅವರು ಕಟ್ಟಡದ ಕಡೆಗೆ ತಿರುಗಿ, ನಮಗೆ ಬೆನ್ನು ಹಾಕಿ, ಕಮಾನಿನೊಂದಿಗೆ ಮಾತಾಡತೊಡಗಿದರು. ಕಟ್ಟಿಸಿದವರು, ಅವರ ತಂದೆ, ಇಸವಿ, ದುರಸ್ತಿಯಾದ ಇಸವಿ, ಮತ್ತೊಮ್ಮೆ ದುರಸ್ತಿಯಾದ ಇಸವಿ. ನನ್ನ ಪಕ್ಕದಲ್ಲಿದ್ದ ಯುವಕ ಮೂರನೆಯ ಇಸವಿಗೆ ಮೊಬೈಲ್ ತೆಗೆದ. ಗುಂಪಿನ ಕೊನೆಯಲ್ಲಿ ನಿಧಾನವಾಗಿ ಬರುತ್ತಿದ್ದ ಅರವತ್ತು ದಾಟಿದ ಸಹ ಶಿಬಿರಾರ್ಥಿಯೊಬ್ಬರನ್ನು ನಾನು ಅಂದು ಗಮನಿಸುತ್ತಲೇ ಇದ್ದೆ. ಅವರು ಬಂದು ನಿಲ್ಲುವ ಹೊತ್ತಿಗೆ ಮಾತು ಅರ್ಧ ಮುಗಿದಿರುತ್ತಿತ್ತು; ಅವರ ಉಸಿರು ಹದಕ್ಕೆ ಬರುವಷ್ಟರಲ್ಲಿ ಗೈಡ್ "ಬನ್ನಿ" ಎಂದು ಹೊರಟಿರುತ್ತಿದ್ದರು. ಯಾರಿಗೆ ವಿಶ್ರಾಂತಿ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಎಲ್ಲರಿಗಿಂತ ಕಡಿಮೆ ಸಿಕ್ಕಿತು. ಕೊನೆಯವರು ಬಂದು ಸೇರಿದ ಮೇಲೂ ನಾಲ್ಕು ಉಸಿರು ಕಾಯಬೇಕು, ಆ ಹೊತ್ತಿನಲ್ಲಿ ಮುಂದಿರುವವರಿಗೆ ನೋಡಲು ಏನನ್ನಾದರೂ ಕೊಟ್ಟಿರಬೇಕು ಎಂಬ ಸರಳ ಉಪಾಯವನ್ನು ಆ ಬೆಳಿಗ್ಗೆ ನಾನೇ ಕಂಡುಕೊಂಡೆ. ಕೈಪಿಡಿಯ ಎಂಬತ್ತು ಪುಟಗಳಲ್ಲಿ ಅದು ಎಲ್ಲೂ ಇಲ್ಲ.

ಇದರ ಫಲವನ್ನು ನನ್ನ ಪರೀಕ್ಷೆಯ ನಡಿಗೆಯಲ್ಲಿ ಉಂಡೆ. ಮೂರು ನಿಲುಗಡೆ ಚೆನ್ನಾಗಿಯೇ ಹೋಯಿತು. ನಾಲ್ಕನೆಯದಕ್ಕೆ ದೊಡ್ಡ ರಸ್ತೆಯೊಂದನ್ನು ದಾಟಬೇಕಿತ್ತು. ನಡೆಯುವ ಹಸಿರು ದೀಪ ಹತ್ತಿದ್ದನ್ನು ಕಂಡು, ಹಿಂದೆ ನೋಡದೆ, ಮಾತು ಮುಂದುವರಿಸುತ್ತಲೇ ಹೆಜ್ಜೆ ಹಾಕಿದೆ. ಆ ಬದಿ ತಲುಪಿ ತಿರುಗಿದರೆ ನನ್ನೊಂದಿಗಿದ್ದವರು ಐವರು. ಉಳಿದ ಏಳು ಮಂದಿಯೂ ಪರೀಕ್ಷಕರೂ ಕೆಂಪು ದೀಪದ ಆಚೆ. ಆ ಏಳರಲ್ಲಿ ಇಬ್ಬರು ಮಾತ್ರ ರಸ್ತೆಯ ನಡುವಿನ ವಿಭಜಕದ ಮೇಲೆ ಕೊಕ್ಕರೆಗಳಂತೆ ನಿಂತಿದ್ದರು. ನಾನು ಅವರನ್ನು ಮುಂದೆ ಬರುವಂತೆ ಕೈಸನ್ನೆ ಮಾಡಿದ್ದು ಎರಡನೆಯ ತಪ್ಪು. ಒಂದು ಬಸ್ಸು ಬ್ರೇಕ್ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಹಸಿರು ದೀಪ ಹತ್ತಿರುವುದನ್ನು ಕಂಡೊಡನೆ ದಾಟಬಾರದು, ಅದು ಆರಿ ಮತ್ತೆ ಹತ್ತುವವರೆಗೆ ಈಚೆಯೇ ಗುಂಪು ಕಟ್ಟಿಕೊಂಡು ಕಾದು, ಹತ್ತಿದ ಕ್ಷಣ ಒಟ್ಟಾಗಿ ಹೊರಡಬೇಕು. ತುದಿಯಲ್ಲಿ ನಂಬಿಕೆಯ ಒಬ್ಬರನ್ನು ಇಟ್ಟುಕೊಳ್ಳಬೇಕು. ದಾಟುವಾಗ ಕಥೆ ಹೇಳಬಾರದು, ದಾಟಿದ ಮೇಲೆ ತಲೆ ಎಣಿಸಬೇಕು. ಈ ನಾಲ್ಕು ಮಾತನ್ನು ಒಂದು ಕೂಡುರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ಕಲಿಸಬಹುದಿತ್ತು.

ಆರನೆಯ ನಿಲುಗಡೆ ಆ ಮೆಟ್ಟಿಲುಗಳದು. ಅಲ್ಲಿಗೆ ಹೋಗುವ ಮೊದಲು, ಹಿಂದಿನ ತಿರುವಿನಲ್ಲೇ, "ಮುಂದಿನ ನೂರು ಹೆಜ್ಜೆಯಲ್ಲಿ ಎಲ್ಲಿಗೂ ಹೋಗದ ಒಂದು ದಾರಿ ಸಿಗುತ್ತದೆ, ಯಾರು ಮೊದಲು ಕಾಣುತ್ತೀರೋ ನೋಡೋಣ" ಎಂದಿದ್ದೆ. ಬೀದಿಯುದ್ದಕ್ಕೂ ಹನ್ನೆರಡು ತಲೆಗಳು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದವು. ಕಂಡುಹಿಡಿದದ್ದು ಹತ್ತು ವರ್ಷದ ಹುಡುಗಿ. ನಾವು ಅಲ್ಲಿ ನಿಂತಿರುವುದನ್ನು ಕಂಡು ಆ ಮನೆಯ ಅಜ್ಜಿ ಹೊರಗೆ ಬಂದರು. ನಾನು ಸಿದ್ಧಪಡಿಸಿಕೊಂಡಿದ್ದ ಮಾತು ನಿಲ್ಲಿಸಿ, "ಅಜ್ಜಿ, ಈ ಮೆಟ್ಟಿಲ ಬಗ್ಗೆ ನೀವೇ ಹೇಳ್ತೀರಾ?" ಎಂದು ಕೇಳಿದೆ. "ನಮ್ಮತ್ತೆ ಇಲ್ಲೇ ಪಾತ್ರೆ ತೊಳೀತಿದ್ರಂತೆ. ನಾನು ಬರೋ ಹೊತ್ತಿಗೆ ನೀರಿರಲಿಲ್ಲ, ಕೂತ್ಕೊಳ್ಳೋ ಅಭ್ಯಾಸ ಮಾತ್ರ ಉಳಿದಿತ್ತು," ಎಂದರು ಅವರು, ಮತ್ತು ಸವೆದ ಮೆಟ್ಟಿಲ ಮೇಲೆ ಕುಳಿತೂ ತೋರಿಸಿದರು. ನನ್ನ ಇಡೀ ನಡಿಗೆಯಲ್ಲಿ ಅದಕ್ಕಿಂತ ಒಳ್ಳೆಯ ಎರಡು ನಿಮಿಷ ಇರಲಿಲ್ಲ. ಅಂಕಪಟ್ಟಿ ಬಂದಾಗ ಅಲ್ಲಿ "ಸಿದ್ಧಪಠ್ಯದಿಂದ ವಿಚಲನೆ" ಎಂಬ ಷರಾ ಇತ್ತು. ಐದು ಅಂಕ ಕಳೆದಿದ್ದರು. ರಸ್ತೆ ದಾಟಿಸಿದ ಅವಾಂತರಕ್ಕೆ ಒಂದು ಅಂಕವೂ ಹೋಗಿರಲಿಲ್ಲ, ಏಕೆಂದರೆ ಅಂಕಪಟ್ಟಿಯಲ್ಲಿ ಅದಕ್ಕೆ ಕಲಮೇ ಇಲ್ಲ.

ಇಲ್ಲಿ ಸಂಸ್ಥೆಯ ದೃಷ್ಟಿಯೇ ಹಳತಾಗಿದೆ ಎನಿಸುತ್ತದೆ. ನಗರಗಳ ಕುರಿತ ಚಿಂತನೆಯ ದಿಕ್ಕನ್ನೇ ಬದಲಿಸಿದ ಜೇನ್ ಜೇಕಬ್ಸ್ 2006ರಲ್ಲಿ ತೀರಿಕೊಂಡ ಮೇಲೆ, ಅವರ ಸ್ನೇಹಿತರು ಮರುವರ್ಷ ಟೊರಾಂಟೊದಲ್ಲಿ ಜೇನ್ಸ್ ವಾಕ್ ಎಂಬ ನಡಿಗೆಗಳನ್ನು ಆರಂಭಿಸಿದರು. ಅಲ್ಲಿ ಆಯಾ ಪ್ರದೇಶದ ನಿವಾಸಿಗಳೇ ಮುಂದಾಳುಗಳು; ನಡಿಗೆಯೆಂದರೆ ನಡೆಯುತ್ತ ಆಡುವ ಸಂಭಾಷಣೆ. ಈಗ ಹಲವು ದೇಶಗಳ ನಗರಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ, ಜೇಕಬ್ಸ್ ಅವರ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಅವು ನಡೆಯುತ್ತವೆ. ಪ್ರತಿ ನಡಿಗೆಯೂ ಹಾಗೆಯೇ ಇರಬೇಕೆಂದು ನಾನು ವಾದಿಸುವುದಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಇತಿಹಾಸವೆನ್ನುವ ಅಪಾಯ ಅಲ್ಲಿದ್ದೇ ಇದೆ. ಆದರೂ ಬಾಗಿಲಿಗೆ ಬಂದ ಅಜ್ಜಿಯನ್ನು ಮಾತಾಡಿಸಿದ್ದಕ್ಕೆ ಅಂಕ ಕಳೆಯುವ ತರಬೇತಿ ತನ್ನ ಮೊದಲ ಭಾನುವಾರದ ಪಾಠವನ್ನು ತಾನೇ ಮರೆತಂತೆ.

ಉಳಿದ ವ್ಯವಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಗತಿಗಳು ಹೊತ್ತಿಗೆ ಸರಿಯಾಗಿ ಆರಂಭವಾದವು, ಕೈಪಿಡಿಯ ಮುದ್ರಣ ಅಚ್ಚುಕಟ್ಟಾಗಿದೆ, ಹಳೆಯ ನಕ್ಷೆಗಳನ್ನು ಓದುವ ಅಧ್ಯಾಯ ಪ್ರತ್ಯೇಕವಾಗಿ ಕೊಂಡು ಇಟ್ಟುಕೊಳ್ಳಬಹುದಾದಷ್ಟು ಚೆನ್ನಾಗಿದೆ. ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿತ್ತು, ಎರಡು ದಿನದಲ್ಲಿ ತಿದ್ದಿ ಕೊಟ್ಟರು.

ಸ್ವಂತ ಊರಿನ ಬಗ್ಗೆ ಓದಿಕೊಂಡು, ಅದನ್ನು ನಡಿಗೆಯ ರೂಪಕ್ಕೆ ತರುವುದು ಹೇಗೆಂದು ತಿಳಿಯದೆ ಕುಳಿತಿರುವವರಿಗೆ ಈ ತರಬೇತಿಯನ್ನು ಹಿಂಜರಿಯದೆ ಹೇಳುತ್ತೇನೆ. ಮೊದಲ ಐದು ಭಾನುವಾರಗಳೇ ಸಾಕು, ಶ್ರಮ ವ್ಯರ್ಥವಾಗುವುದಿಲ್ಲ. ಆಗಲೇ ಒಂದು ಒಳ್ಳೆಯ ದಾರಿ ಕೈಯಲ್ಲಿದ್ದು ಜನರನ್ನು ನಡೆಸಲು ಕಲಿಯಬೇಕೆಂದಿರುವವರು ಇಲ್ಲಿಗೆ ಬರುವುದು ಬೇಡ. ಅವರು ಪಳಗಿದ ಗೈಡ್ ಒಬ್ಬರ ಬಳಿ ಹೋಗಿ, ನಾಲ್ಕೈದು ನಡಿಗೆಗಳಲ್ಲಿ ಗುಂಪಿನ ಬಾಲದ ಕಾವಲಿಗೆ ನಿಲ್ಲುತ್ತೇನೆಂದು ಕೇಳಿಕೊಳ್ಳಲಿ. ಬಾಲದಲ್ಲಿ ನಡೆದವರಿಗೆ ತಲೆಯಲ್ಲಿ ನಡೆಯುವವರ ತಪ್ಪುಗಳೆಲ್ಲ ಕಾಣುತ್ತವೆ. ಏಳನೆಯ ಭಾನುವಾರವನ್ನು ಬೀದಿಗೆ ಒಯ್ಯಿರಿ, ಅಂಕಪಟ್ಟಿಗೆ ರಸ್ತೆ ದಾಟಿಸುವ ಕಲಮೊಂದನ್ನು ಸೇರಿಸಿರಿ ಎಂದು ಸಂಸ್ಥೆಗೆ ಬರೆದಿದ್ದೆ. ಮುಂದಿನ ತಂಡದಿಂದ ಕಲಮು ಸೇರುತ್ತದೆ ಎಂದು ಉತ್ತರ ಬಂದಿದೆ. ಕುರ್ಚಿಗಳ ಬಗ್ಗೆ ಏನನ್ನೂ ಬರೆದಿಲ್ಲವಾದ್ದರಿಂದ, ಸೇರುವವರು ಅದೊಂದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.